ಆಜಿಯ ಹಾಡಿನ ‘ಜವಳ’

ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ, ಒಂದು ಭಾನುವಾರ ಬೆಳಿಗ್ಗೆ, ಅಡುಗೆಮನೆಯ ಈಳಿಗೆಯ ಮೇಲೆ ನನ್ನ ಜಡೆಯನ್ನು ನಾನೇ ಕತ್ತರಿಸಿಕೊಂಡೆ. ನಗಬೇಡಿ. ಬದನೆಕಾಯಿ ಹೆಚ್ಚುವ ಈಳಿಗೆಯೇ. ಇದನ್ನು ಕೇಳಿ ನಿಮ್ಮಲ್ಲಿ ಯಾರಾದರೂ ಅಡುಗೆಮನೆಯ ಕಡೆ ಹೆಜ್ಜೆ ಇಟ್ಟೀರಿ, ಜೋಕೆ! ಕಾಲು ಮುರಿಯುತ್ತೇನೆ. ನಾನು ಯಾಕೆ ಹಾಗೆ ಮಾಡಿದೆ ಎಂಬುದು ತಿಳಿಯಬೇಕಾದರೆ, ನಾವು ಕಾಗವಾಡಕ್ಕೆ ಬಂದದ್ದು ಹೇಗೆ ಎಂಬುದನ್ನು ಮೊದಲು ಕೇಳಬೇಕು.

ಅಪ್ಪ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ನಮ್ಮ ಊರು ಗದಗದ ಕಡೆ. ನನಗೆ ಒಂಬತ್ತು ವರ್ಷವಾಗುವ ಹೊತ್ತಿಗೆ ಅವ್ವನಿಗೆ ಕೆಮ್ಮು ಹತ್ತಿತು. ಮೊದಲು ಶೀತ ಎಂದರು, ಆಮೇಲೆ ಧೂಳು ಎಂದರು, ಕೊನೆಗೆ ಕ್ಷಯ ಎಂದರು. ಮಿರಜಿನಲ್ಲಿ ದೊಡ್ಡ ದವಾಖಾನೆಗಳಿವೆ, ಅಲ್ಲಿ ವಾಸಿಯಾಗುತ್ತದೆ ಎಂದು ಯಾರೋ ಹೇಳಿದರಂತೆ. ಕಾಗವಾಡದಿಂದ ಮಿರಜಿಗೆ ಬಸ್ಸಿನಲ್ಲಿ ಅರ್ಧ ತಾಸಿನ ಹಾದಿ. ಅಪ್ಪ ಸಾಹೇಬರ ಕೈಕಾಲು ಬಿದ್ದು ಕಾಗವಾಡಕ್ಕೆ ವರ್ಗ ಮಾಡಿಸಿಕೊಂಡ. ಕ್ರಿಸ್‌ಮಸ್ ಮುಗಿದ ಮರುದಿನ ಅವ್ವನನ್ನು ದವಾಖಾನೆಗೆ ಸೇರಿಸಿದ. ನಾನು ಹೇಳುವ ಈ ಭಾನುವಾರ ಏಪ್ರಿಲ್ ತಿಂಗಳದ್ದು. ಅಷ್ಟೂ ದಿನ ನಾನು ಅವ್ವನ ಮುಖ ನೋಡಿರಲಿಲ್ಲ. ಅಪ್ಪ ವಾರಕ್ಕೊಮ್ಮೆ ರೊಟ್ಟಿ ಕಟ್ಟಿಕೊಂಡು ಒಬ್ಬನೇ ಹೋಗಿಬರುತ್ತಿದ್ದ. ನಾನೂ ಬರುತ್ತೇನೆ ಎಂದು ಅತ್ತರೆ, ‘ಸಣ್ಣವರನ್ನ ಒಳಗ ಬಿಡೂದಿಲ್ಲವ್ವಾ’ ಎನ್ನುತ್ತಿದ್ದ. ಅಷ್ಟು ಹೇಳಿ ಸೈಕಲ್ ತುಳಿದುಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿಬಿಡುತ್ತಿದ್ದ.

ಆ ನಾಲ್ಕು ತಿಂಗಳು ನಾನು ಎಷ್ಟು ಒಂಟಿಯಾಗಿದ್ದೆನೆಂದರೆ, ಗೋಡೆಯ ಮೇಲಿನ ಹಲ್ಲಿಯ ಜೊತೆಗೂ ಮಾತಾಡುತ್ತಿದ್ದೆ. ಶಾಲೆಯಲ್ಲಿ ಹುಡುಗಿಯರದು ಪಾಠಕ್ಕೆ ಕನ್ನಡ, ಆಟಕ್ಕೆ ಮರಾಠಿ. ಕುಂಟಬಿಲ್ಲೆ ಆಡುವಾಗ ಅವರೇನು ಕೂಗುತ್ತಾರೋ ತಿಳಿಯದೆ ನಾನು ಪೆಕರಿಯ ಹಾಗೆ ನಿಂತಿರುತ್ತಿದ್ದೆ. ಹೇಗೋ ಕಲಿತುಕೊಳ್ಳುತ್ತಿದ್ದೆನೇನೋ, ಅಷ್ಟರಲ್ಲಿ ಅವ್ವನ ರೋಗದ ಸುದ್ದಿ ಶಾಲೆಗೆ ಮುಟ್ಟಿತು. ಮರುದಿನದಿಂದ ನನ್ನ ಪಕ್ಕದ ಹುಡುಗಿ ಬೇರೆ ಸಾಲಿಗೆ ಹೋಗಿ ಕೂತಳು. ಯಾರೂ ಬೈಯಲಿಲ್ಲ, ಯಾರೂ ಹೊಡೆಯಲಿಲ್ಲ. ಹತ್ತಿರ ಬರಲಿಲ್ಲ, ಅಷ್ಟೇ. ಇಡೀ ಬೆಂಚಿನಲ್ಲಿ ನಾನೊಬ್ಬಳೇ ಕೂತು ಮಗ್ಗಿ ಹೇಳುತ್ತಿದ್ದೆ.

ಸಂಜೆ ಅಪ್ಪ ಬರುವ ತನಕ ಮನೆಯಲ್ಲೂ ನಾನೊಬ್ಬಳೇ. ಗಾಣದಿಂದ ಹೊಸ ಬೆಲ್ಲದ ವಾಸನೆ ಗಾಳಿಯಲ್ಲಿ ಬರುತ್ತಿತ್ತು. ಕಬ್ಬು ತುಂಬಿದ ಗಾಡಿಗಳ ಎತ್ತಿನ ಗಂಟೆ ರಸ್ತೆಯಲ್ಲಿ ಕೇಳುತ್ತಿತ್ತು. ಒಳಗೆ ಮಾತ್ರ ಸದ್ದೇ ಇರುತ್ತಿರಲಿಲ್ಲ. ಪಕ್ಕದ ಮನೆಯಾಕೆ ಒಳ್ಳೆಯವರು, ನಾನು ಕಾಕು ಎನ್ನುತ್ತಿದ್ದೆ, ಅಂದರೆ ಚಿಕ್ಕಮ್ಮ. ಮಧ್ಯಾಹ್ನ ಪಲ್ಯವೋ ಝುಣಕವೋ ಕೊಡುತ್ತಿದ್ದರು. ಆದರೆ ಬಟ್ಟಲನ್ನು ಗೋಡೆಯ ಮೇಲಿಟ್ಟು ಹಿಂದೆ ಸರಿದು ನಿಲ್ಲುತ್ತಿದ್ದರು. ಅವರ ಮನೆಯಲ್ಲಿ ಎರಡು ವರ್ಷದ ಕೂಸಿತ್ತು, ಅದಕ್ಕೇ ಎಂದು ಈಗ ಅರ್ಥವಾಗುತ್ತದೆ. ಆಗ ಮಾತ್ರ ಅವರು ಒಳಗೆ ಹೋಗುವ ತನಕ ನಾನು ಆ ಬಟ್ಟಲನ್ನು ಮುಟ್ಟುತ್ತಿರಲಿಲ್ಲ.

ನನಗೆ ತುಂಬ ಉದ್ದ ಜಡೆಯಿತ್ತು, ಸೊಂಟದ ಕೆಳಗಿನ ತನಕ. ಅವ್ವನಿಗೆ ಅದರ ಮೇಲೆ ಬಲು ಹೆಮ್ಮೆ. ದಿನವೂ ಎಣ್ಣೆ ಹಚ್ಚಿ, ಮೊಣಕಾಲ ನಡುವೆ ನನ್ನನ್ನು ಕೂಡಿಸಿಕೊಂಡು ಬಾಚುತ್ತಿದ್ದಳು. ಬಾಚುವಾಗ ಒಂದು ರಾಗ ಗುನುಗುತ್ತಿದ್ದಳು. ಮಾತಿಲ್ಲದ ಬರೀ ರಾಗ. ಯಾಕೆಂದರೆ ಕೆಂಪು ರಿಬ್ಬನ್ನು ಅವಳ ಹಲ್ಲಿನ ನಡುವೆ ಇರುತ್ತಿತ್ತು. ಜಡೆ ಮುಗಿಯುವುದಕ್ಕೂ ರಾಗ ಮುಗಿಯುವುದಕ್ಕೂ ಸರಿಹೋಗುತ್ತಿತ್ತು. ಅವ್ವ ದವಾಖಾನೆಗೆ ಹೋದ ಮೇಲೆ ನಾನೇ ಜಡೆ ಹಾಕಿಕೊಳ್ಳುತ್ತಿದ್ದೆ. ಅದು ಸೊಟ್ಟಗಾಗುತ್ತಿತ್ತು, ಸಿಕ್ಕು ಹಾಗೇ ಉಳಿಯುತ್ತಿತ್ತು.

ನಮ್ಮದು ಕ್ರೈಸ್ತರ ಮನೆ. ಕಾಗವಾಡದಲ್ಲಿ ನಮ್ಮವರ ನಾಲ್ಕೈದು ಮನೆಗಳಷ್ಟೇ ಇದ್ದವು, ಎಲ್ಲರೂ ಮರಾಠಿಯವರು. ಭಾನುವಾರ ಒಬ್ಬ ಮುದುಕಿಯ ಮನೆಯಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಎಲ್ಲರೂ ಆಕೆಯನ್ನು ‘ಆಜಿ’ ಎನ್ನುತ್ತಿದ್ದರು. ಮರಾಠಿಯಲ್ಲಿ ಆಜಿ ಎಂದರೆ ಅಜ್ಜಿ. ಬಿಳಿ ಸೀರೆ, ದಪ್ಪ ಕನ್ನಡಕ, ಬಾಯಲ್ಲಿ ನಾಲ್ಕೇ ಹಲ್ಲು. ಮಿರಜಿನ ದವಾಖಾನೆಯಲ್ಲಿ ಬಹಳ ವರ್ಷ ಆಯಾ ಆಗಿದ್ದವರು. ರೋಗ ರುಜಿನಕ್ಕೆ ಹೆದರುವ ಜೀವವೇ ಅಲ್ಲ. ಆ ಊರಿನಲ್ಲಿ ನನ್ನನ್ನು ಎಳೆದು ಪಕ್ಕದಲ್ಲಿ ಕೂಡಿಸಿಕೊಂಡವರು ಅವರೊಬ್ಬರೇ. ಪೇಟಿ ನುಡಿಸುತ್ತಾ, ಅಂದರೆ ಹಾರ್ಮೋನಿಯಂ ನುಡಿಸುತ್ತಾ, ಮೊಣಕೈಯಿಂದ ನನ್ನನ್ನು ತಿವಿದು ‘ಹಾಡ ಪೋರಿ, ಹಾಡ’ ಎನ್ನುತ್ತಿದ್ದರು.

ಅಲ್ಲಿಗೆ ಹೋದ ಮೊದಲ ದಿನವೇ ನಾನು ಪೇಟಿಯ ಕಡೆ ಬಗ್ಗಿ ಕಿವಿಗೊಟ್ಟೆ. ಆಜಿ ನುಡಿಸಿದ ಹಾಡಿನ ರಾಗ ಅವ್ವ ಗುನುಗುತ್ತಿದ್ದ ರಾಗವೇ! ಅದೊಂದು ಬಹಳ ಹಳೆಯ ಕೀರ್ತನೆ. ಎಲ್ಲೋ ದೂರ ದೇಶದಲ್ಲಿ ಹುಟ್ಟಿ ನೂರಾರು ಭಾಷೆಗೆ ಹೋದದ್ದು. ರಾಗ ನಮ್ಮ ಮನೆಯದು, ಮಾತು ಮಾತ್ರ ಮರಾಠಿ. ಒಂದಕ್ಷರದ ಅರ್ಥ ತಿಳಿಯದೆ ನಾನು ಮೂರು ಚರಣ ಬಾಯಿಪಾಠ ಮಾಡಿಕೊಂಡೆ. ಅದರಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಒಂದೇ ಒಂದು ಮಾತು ನನಗೆ ಗೊತ್ತಿದ್ದ ಹಾಗೆ ಕೇಳಿಸುತ್ತಿತ್ತು. ‘ಜವಳ’. ದೇವರ ಹೆಸರು, ಅದರ ಬೆನ್ನಿಗೇ ಜವಳ.

ಜವಳ ಎಂದರೇನು ಎಂದು ನಿಮಗೆ ಗೊತ್ತು. ಕೂಸಿನ ಮೊದಲ ಕೂದಲು. ಅದನ್ನು ದೇವರ ಮುಂದೆ ತೆಗೆಸುತ್ತಾರೆ. ಅದೇ ಹೊತ್ತಿಗೆ ಸರಿಯಾಗಿ ಕಾಕು ತಮ್ಮ ಕೂಸಿನ ಜವಳ ತೆಗೆಸಲು ಮಂಗಸೂಳಿಯ ಮಲ್ಲಯ್ಯನ ಗುಡಿಗೆ ಹೋಗಿಬಂದರು. ಬೋಳುತಲೆಗೆ ಅರಿಸಿನದ ಭಂಡಾರ ಹಚ್ಚಿಕೊಂಡ ಕೂಸು ಅಂಗಳದಲ್ಲಿ ಕೋಳಿ ಓಡಿಸುತ್ತಿತ್ತು. ಕಾಕು ಗೋಡೆಯಾಚೆಯಿಂದ ನನಗೆ ಪ್ರಸಾದ ಕೊಟ್ಟು ಹೇಳಿದರು: ‘ಹ್ವಾದ ವರ್ಷ ಜ್ವರಾ ಬಂದು ಕೈ ಬಿಟ್ಟು ಹೋಗೂ ಕೂಸು ಇದು, ಯವ್ವಾ. ಉಳಸಿಕೊಡಪಾ, ಜವಳ ನಿನಗs ಕೊಡ್ತೀವಿ ಅಂತ ಬೇಡ್ಕೊಂಡ್ವಿ. ನೋಡೀಗ, ಹೆಂಗ ಓಡ್ಯಾಡಾಕತ್ತಾನ!’

ನಾನು ಪ್ರಸಾದ ಕೈಯಲ್ಲಿ ಹಿಡಿದುಕೊಂಡು ಅಲ್ಲಿಯೇ ನಿಂತುಬಿಟ್ಟೆ. ಅಯ್ಯೋ ದೇವರೇ! ಪ್ರತಿ ವಾರ ಆ ಹಾಡಿನಲ್ಲಿ ಜವಳ ಜವಳ ಎಂದು ಕೇಳುತ್ತಿರುವುದು ಇದನ್ನೇ ಅಲ್ಲವೇ? ಎಲ್ಲರೂ ಬಾಯಿ ತುಂಬ ಹಾಡುತ್ತಾರೆ, ಯಾರೂ ಕೊಡುವುದಿಲ್ಲ. ನಾನೂ ಕೊಟ್ಟಿಲ್ಲ. ಹಾಗಾದರೆ ಅವ್ವ ಹೇಗೆ ವಾಸಿಯಾದಾಳು? ತಪ್ಪು ನನ್ನದೇ ಎಂದು ನನಗೆ ಖಾತ್ರಿಯಾಯಿತು. ಕೇಳೋಣವೆಂದರೆ ಮನೆಯಲ್ಲಿ ಹಿರಿಯರು ಯಾರಿದ್ದರು? ಅಪ್ಪನ ಮುಂದೆ ಅವ್ವನ ಹೆಸರು ತೆಗೆದರೆ ಅವನು ಎದ್ದು ಹೊರಗೆ ಹೋಗುತ್ತಿದ್ದ.

ಹಾಗೆ ಬಂತು ಆ ಭಾನುವಾರ. ಹಿಂದಿನ ದಿನ ಗಾಳಿಮಳೆಗೆ ಜುಗೂಳದ ಕಡೆ ತಂತಿ ಹರಿದು ಬಿದ್ದಿತ್ತು. ಅಪ್ಪ ಬೆಳಕು ಹರಿಯುವ ಮೊದಲೇ ಹೋಗಿದ್ದ. ನಾನು ಜಳಕ ಮಾಡಿ, ಇದ್ದ ಎಣ್ಣೆಯನ್ನೆಲ್ಲ ಹಚ್ಚಿಕೊಂಡು, ಬಿಗಿಯಾಗಿ ಜಡೆ ಹೆಣೆದು ಬುಡಕ್ಕೂ ತುದಿಗೂ ರಿಬ್ಬನ್ ಕಟ್ಟಿದೆ. ಕತ್ತರಿ ಸಿಗಲಿಲ್ಲ. ಅಪ್ಪನ ತಂತಿ ಕತ್ತರಿಸುವ ಪಕ್ಕಡ ತಂದೆ. ಅದು ಕೂದಲನ್ನು ಕಚ್ಚಿತೇ ಹೊರತು ಕತ್ತರಿಸಲಿಲ್ಲ, ಕಣ್ಣಲ್ಲಿ ನೀರು ಬಂತು. ಕೊನೆಗೆ ಈಳಿಗೆ ಮಣೆಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತೆ. ಜಡೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲಗಿನ ಮೇಲೆ ಹಿಂದೆ ಮುಂದೆ ಎಳೆದೆ. ಗರಗರ ಎಂಬ ಸದ್ದು ಕಿವಿಯ ಹತ್ತಿರವೇ ಕೇಳಿಸುತ್ತಿತ್ತು. ಜಡೆ ಕೈಗೆ ಬಂದಾಗ ತಲೆ ಹಗುರಾಗಿ ಒಂದು ಕಡೆ ವಾಲಿದ ಹಾಗಾಯಿತು.

ಪ್ರಾರ್ಥನೆಯ ಕೊನೆಗೆ ಆಜಿ ಕಾಣಿಕೆ ಚೀಲ ಹಿಡಿದು ಎಲ್ಲರ ಮುಂದೆ ಬರುತ್ತಿದ್ದರು. ನಾನು ಅಲ್ಲಿಯ ತನಕ ತಲೆಗೆ ಟವೆಲ್ ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದೆ. ಚೀಲ ನನ್ನ ಮುಂದೆ ಬಂದಾಗ ಲಂಗದ ಮಡಿಕೆಯಿಂದ ಜಡೆ ತೆಗೆದು ಒಳಗೆ ತುರುಕಿದೆ. ಅರ್ಧ ಹೋಯಿತು, ಅರ್ಧ ಹೊರಗೆ ನೇತಾಡಿತು. ಆಜಿ ‘ಅಗ ಬಾಯಿ!’ ಎಂದು ಚೀಲ ಕೈಬಿಟ್ಟರು. ಇಲಿ ಎಂದುಕೊಂಡರೋ ಏನೋ. ಯಾರೋ ಕಿಸಕ್ಕೆಂದು ನಕ್ಕರು. ಆಜಿ ನನ್ನ ಟವೆಲ್ ಸರಿಸಿ ನೋಡಿದರು. ಎಲ್ಲರನ್ನೂ ಮನೆಗೆ ಕಳಿಸಿ ಬಾಗಿಲು ಮುಂದೆ ಮಾಡಿದರು.

ಹೆದರಿ ಹೆದರಿ ಎಲ್ಲವನ್ನೂ ಹೇಳಿದೆ. ಮಂಗಸೂಳಿಯ ಜವಳ, ಹಾಡಿನ ಜವಳ, ಅವ್ವನ ಕೆಮ್ಮು. ಆಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಮತ್ತೆ ಮತ್ತೆ ಒರೆಸಿದರು.

‘ಅದು ಮರಾಠಿ ಜವಳ, ಬಾಳಾ. ಕೂದ್ಲ ಅಲ್ಲ. ಜವಳ ಅಂದ್ರ ಹತ್ರ. ದೇವರs, ನಿನ್ನ ಹತ್ರ ಬರಬೇಕಂತ ನನಗ ಆಶಾ ಐತಿ, ಅಂತ ಹಾಡೂದು.’

‘ಹಂಗಾರ ದೇವರಿಗಿ ಏನ ಕೊಡಬೇಕ್ರಿ?’

‘ಏನೂ ಕೊಡೂದಿಲ್ಲ. ಹತ್ರ ಹೋಗೂದು, ಅಷ್ಟs.’

‘ಹತ್ರ ಹ್ವಾದ್ರ ನಮ್ಮವ್ವ ಆರಾಮ ಆಗ್ತಾಳೇನ್ರಿ?’

ಆಜಿ ತಟ್ಟನೆ ಹೂಂ ಅನ್ನಬಹುದಿತ್ತು. ದೊಡ್ಡವರು ಹಾಗೆ ಅಂದುಬಿಡುತ್ತಾರೆ. ಆಕೆ ಅನ್ನಲಿಲ್ಲ. ‘ಅದು ನನಗ ಗೊತ್ತಿಲ್ಲ, ಪೋರಿ’ ಎಂದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕೂದಲೂ ಹೋಯಿತು, ಅವ್ವನೂ ಬರುವುದಿಲ್ಲ, ಮತ್ತೇಕೆ ಈ ಹಾಡು? ‘ನಿಮ್ಮ ದೇವರೂ ಬ್ಯಾಡ, ನಿಮ್ಮ ಪೇಟೀನೂ ಬ್ಯಾಡ’ ಎಂದು ಚೀರಿ, ನೆಲಕ್ಕೆ ಕಾಲು ಬಡಿದು, ಬಾಗಿಲ ಹತ್ತಿರ ಹೋಗಿ ಕೂತು ಅತ್ತೆ. ಆಜಿ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು, ಛತ್ರಿ ಹಿಡಿದುಕೊಂಡು ಹೊರಬಂದರು. ‘ಏಳ. ನಡಿ, ನಿಮ್ಮವ್ವನ ಜವಳ ಹೋಗೂಣು’ ಎಂದರು.

ಕಾಕುವಿಗೆ ಹೇಳಿ, ಹನ್ನೆರಡರ ಬಸ್ಸು ಹತ್ತಿದೆವು. ಬಿಸಿಗಾಳಿ ಕಿಟಕಿಯಿಂದ ನುಗ್ಗಿ ನನ್ನ ಮೊಂಡು ಕೂದಲನ್ನು ನೆಟ್ಟಗೆ ನಿಲ್ಲಿಸಿಬಿಡುತ್ತಿತ್ತು. ಜನ ನೋಡುತ್ತಿದ್ದರು. ಆಜಿ ತಮ್ಮ ಸೆರಗನ್ನು ನನ್ನ ತಲೆಯ ಮೇಲೂ ಎಳೆದುಕೊಂಡರು. ಅದಕ್ಕೆ ಸೋಪಿನ ಮತ್ತು ಲವಂಗದ ವಾಸನೆಯಿತ್ತು.

ದವಾಖಾನೆಯ ಕಾವಲುಗಾರ ಆಜಿಯ ಪರಿಚಯದವನು. ಒಳಗೆ ಬಿಟ್ಟ, ಆದರೆ ಮೆಟ್ಟಿಲು ಮಾತ್ರ ಹತ್ತಕೂಡದು ಎಂದ. ದೊಡ್ಡ ಅಂಗಳ, ನಡುವೆ ಬೇವಿನ ಮರ. ಎದುರಿಗೆ ಮಹಡಿಯ ಮೇಲೆ ಉದ್ದನೆಯ ಪಡಸಾಲೆ, ಅದಕ್ಕೆ ಕಬ್ಬಿಣದ ಕಟಾಂಜನ. ಅಂಗಳದ ತನಕ ಫಿನೈಲ್ ವಾಸನೆ ಬರುತ್ತಿತ್ತು. ಒಬ್ಬ ಆಯಾ ಮೇಲೆ ಹೋಗಿ ಅವ್ವನನ್ನು ಕರೆತಂದಳು.

ಅವ್ವ ಬಂದಳು. ಇಷ್ಟೇ ಇಷ್ಟಾಗಿದ್ದಳು ಅವ್ವ. ಸೀರೆಯೊಳಗೆ ಯಾರೂ ಇಲ್ಲವೇನೋ ಅನ್ನಿಸುತ್ತಿತ್ತು. ಕಟಾಂಜನ ಹಿಡಿದು ಅಂಗಳವನ್ನೆಲ್ಲ ನೋಡಿದಳು. ಅವಳಿಗೆ ಆಜಿಯ ಗುರುತಿಲ್ಲ. ಅವಳು ಹುಡುಕುತ್ತಿದ್ದದ್ದು ಅಪ್ಪನನ್ನು, ಇಲ್ಲವೇ ಉದ್ದ ಜಡೆಯ ಹುಡುಗಿಯನ್ನು. ಮರದ ಕೆಳಗೆ ಕಂಡದ್ದು ಒಬ್ಬ ಮುದುಕಿ, ಯಾರದೋ ಮೊಂಡುತಲೆಯ ಮಗು. ಅವಳ ಕಣ್ಣು ನನ್ನ ಮೇಲೆ ಬಂತು, ನಿಲ್ಲದೆ ದಾಟಿಹೋಯಿತು. ಅವ್ವಾ ಎಂದು ಕೂಗಿದೆ. ಅದು ನನಗೇ ಕೇಳಿಸಲಿಲ್ಲ. ಅವ್ವ ಆಯಾಗೆ ಏನೋ ಹೇಳಿದಳು. ನಮ್ಮವರಲ್ಲ ಎಂದಿರಬೇಕು. ಬೆನ್ನು ತಿರುಗಿಸಿ ಒಳಗೆ ಹೊರಟಳು.

ಮಕ್ಕಳೇ, ಇವತ್ತಿಗೂ ಆ ಬೆನ್ನು ಕಣ್ಣ ಮುಂದೆ ಬರುತ್ತದೆ. ಹೆತ್ತ ಅವ್ವನಿಗೇ ಗುರುತು ಸಿಗದ ಮೇಲೆ ಇನ್ನು ನಾನು ಯಾರ ಮಗಳು? ಮಾತು ಬರಲಿಲ್ಲ, ಹಾಡು ಬಂತು. ಆಜಿಯ ಮರಾಠಿ ಹಾಡು, ಅವ್ವನ ರಾಗ. ಶ್ರುತಿ ಇಲ್ಲ, ತಾಳ ಇಲ್ಲ, ಕಾಗೆ ಕೂಗಿದ ಹಾಗೆ ಹಾಡಿದೆ. ಆದರೆ ಅರ್ಥ ತಿಳಿದು ಹಾಡಿದ್ದು ಅದೇ ಮೊದಲು. ಹತ್ತಿರ, ಹತ್ತಿರ. ದೇವರಿಗೆ ಹೇಳಿದೆನೋ ಅವ್ವನಿಗೆ ಹೇಳಿದೆನೋ ನನಗೆ ಗೊತ್ತಿಲ್ಲ. ಇಬ್ಬರೂ ಅದೇ ಮಹಡಿಯ ಮೇಲೆ ಇದ್ದ ಹಾಗಿತ್ತು.

ಅವ್ವ ನಿಂತಳು. ಆಮೇಲೆ ಕಟಾಂಜನಕ್ಕೆ ಓಡಿಬಂದು ಬಗ್ಗಿ ನೋಡಿದಳು.

‘ಏ ಹುಚ್ಚಿ! ನೀನೇನ ಅದು? ಕೂದ್ಲಕ್ಕ ಏನ ಮಾಡ್ಕೊಂಡಿ? ಒಂಬತ್ತ ವರ್ಷ ಎಣ್ಣಿ ಹಚ್ಚಿ ಬೆಳಸೀನಿ ನಾ! ಎಲ್ಲಿ ಅದಾನ ನಿಮ್ಮಪ್ಪ? ಕರಿ ಅವನ್ನ, ಎರಡು ಕೇಳ್ತೀನಿ!’

‘ದೇವರಿಗಿ ಕೊಟ್ಟೆ ಬೇ!’ ಎಂದು ಕೂಗಿದೆ.

ಅವ್ವ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ಅಳುವಾಯಿತು. ಅಲ್ಲಿಯೇ ನೆಲದ ಮೇಲೆ ಕೂತು, ಕಂಬಿಗಳ ನಡುವೆ ಮುಖವಿಟ್ಟು, ‘ಹಾಡ ಮತ್ತ’ ಎಂದಳು. ಹಾಡಿದೆ. ಆಜಿಯೂ ದನಿಗೂಡಿಸಿದರು. ಅವ್ವನೂ ಹಾಡಿದಳು, ಬಾಯಿ ಬಿಟ್ಟು, ಮಾತು ಕೂಡಿಸಿ, ಕನ್ನಡದಲ್ಲಿ. ಆಜಿಯ ಜವಳ ಬರುವ ಜಾಗದಲ್ಲಿ ಅವ್ವನ ಹಾಡಿನಲ್ಲಿ ‘ಸಮೀಪ’ ಎಂದು ಬರುತ್ತಿತ್ತು. ಎರಡು ಚರಣ ಮುಗಿಯುವಷ್ಟರಲ್ಲಿ ಸಿಸ್ಟರ್ ಬಂದು ಅವಳನ್ನು ಎಬ್ಬಿಸಿಕೊಂಡು ಹೋದರು.

ಸಂಜೆ ಅಪ್ಪ ಬಂದು ನನ್ನ ತಲೆ ನೋಡಿದ. ಕಾಕು ಎಲ್ಲವನ್ನೂ ಹೇಳಿದ್ದರು. ಹೊಡೆಯುತ್ತಾನೆ ಎಂದುಕೊಂಡೆ. ಚೀಲ ಕೆಳಗಿಟ್ಟು ಕೇಳಿದ: ‘ಅಕಿ ಏನಂದ್ಲು?’

‘ಬೈದ್ಲು.’

‘ಬೈದ್ಲಾ? ಜೋರಾಗಿ ಬೈದ್ಲಾ?’

‘ಹೂಂ. ನಿನಗೂ ಬೈದ್ಲು.’

ಅಪ್ಪನ ಮುಖ ಅರಳಿತು. ‘ನನಗ ಏನಂತ ಬೈದ್ಲು?’ ಎಂದು ಮತ್ತೆ ಮತ್ತೆ ಕೇಳಿದ. ನಾನು ಹೇಳಿದ್ದನ್ನೇ ಹೇಳಿದೆ. ಅವನು ಪಕ್ಕದ ಮನೆಯಿಂದ ಕತ್ತರಿ ತಂದು, ನನ್ನನ್ನು ಹತ್ತಿರ ಕೂಡಿಸಿಕೊಂಡು, ಹೆಚ್ಚುಕಡಿಮೆಯಾಗಿದ್ದ ಕೂದಲನ್ನು ಸರಿಮಾಡಿದ. ಅವ್ವನ ಬಗ್ಗೆ ನಾವಿಬ್ಬರೂ ಕೂತು ಮಾತಾಡಿದ್ದು ಆ ನಾಲ್ಕು ತಿಂಗಳಲ್ಲಿ ಅದೇ ಮೊದಲು.

ಅವ್ವ ವಾಸಿಯಾಗಲಿಲ್ಲ. ನನ್ನ ಕೂದಲು ಕಿವಿ ಮುಚ್ಚುವಷ್ಟು ಬೆಳೆದಾಗ ತೀರಿಕೊಂಡಳು. ನಿಮಗೆ ಸುಳ್ಳು ಹೇಳಿ ಅವಳನ್ನು ಮನೆಗೆ ಕರೆತರುವುದು ನನಗೆ ಕಷ್ಟವಲ್ಲ, ಆದರೆ ಆಜಿ ನನಗೆ ಸುಳ್ಳು ಹೇಳಿರಲಿಲ್ಲವಲ್ಲ. ಆಮೇಲಿನ ಸಂಜೆಗಳಲ್ಲಿ ಹೊಸ್ತಿಲ ಮೇಲೆ ಒಬ್ಬಳೇ ಕೂತು ಆ ಹಾಡು ಹಾಡುತ್ತಿದ್ದೆ. ಏನನ್ನೂ ಬೇಡುತ್ತಿರಲಿಲ್ಲ. ಬೇಡುವುದಕ್ಕೆ ಏನೂ ಉಳಿದಿರಲಿಲ್ಲ. ಮೊದಲ ಚರಣಕ್ಕೆ ಅಳು ಬರುತ್ತಿತ್ತು. ಮೂರನೆಯ ಚರಣದ ಹೊತ್ತಿಗೆ ಪಕ್ಕದಲ್ಲಿ ಯಾರೋ ಬಂದು ಕೂತರು ಅನ್ನಿಸುತ್ತಿತ್ತು. ತಿರುಗಿ ನೋಡಿದರೆ ಯಾರೂ ಇಲ್ಲ. ಆದರೂ ಮುಂಚಿನಷ್ಟು ಒಂಟಿ ಅನ್ನಿಸುತ್ತಿರಲಿಲ್ಲ. ದೇವರು ಹೇಗಿದ್ದಾನೆ ಎಂದು ನೀವು ಕೇಳಿದರೆ ನನಗೆ ಹೇಳಲು ಬರುವುದು ಇಷ್ಟೇ: ಊರೆಲ್ಲ ದೂರ ನಿಂತಾಗ ಅವನು ಹತ್ತಿರ ಬಂದು ಕೂತ.

ಈಗ ನಿಮ್ಮ ಕಾಲ. ಕ್ಷಯಕ್ಕೆ ಗುಳಿಗೆ ನುಂಗಿ ಜನ ಆರಾಮಾಗಿ ತಿರುಗಾಡುತ್ತಾರೆ. ಚಿಕ್ಕೋಡಿಯ ಈ ಮನೆಯಲ್ಲಿ ಕೂತು ಬೆಳಗಾವಿಯಲ್ಲಿರುವ ನಿಮ್ಮವ್ವನ ಮುಖವನ್ನು ಅಂಗೈಯಲ್ಲಿ ನೋಡುತ್ತೀರಿ. ಟ್ರೇನಿಂಗಿಗೆಂದು ನಾಲ್ಕೇ ದಿನ ಹೋಗಿದ್ದಾಳೆ, ದಿನಕ್ಕೆ ಮೂರು ಸಲ ಫೋನ್ ಮಾಡುತ್ತಾಳೆ. ಒಳ್ಳೆಯದು, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ನಿನ್ನೆ ಸಂಜೆ ಅವಳು ಊಟ ಮಾಡಿದಿರಾ, ಹೋಂವರ್ಕ್ ಮುಗಿಯಿತಾ ಎಂದು ಬೈಯತೊಡಗಿದಾಗ ನೀವಿಬ್ಬರೂ ಏನು ಮಾಡಿದಿರಿ? ‘ಅಯ್ಯ, ಶುರು ಆತ ಇಕೀದು’ ಎಂದು ಕೆಂಪು ಗುಂಡಿ ಒತ್ತಿಬಿಟ್ಟಿರಿ. ನಾನು ಒಳಗಿನಿಂದ ಕೇಳಿಸಿಕೊಂಡೆ. ಆಗ ಏನೂ ಅನ್ನಲಿಲ್ಲ.

ಈಗ ಅನ್ನುತ್ತೇನೆ. ಏಳ್ರಿ, ಫೋನ್ ಹಚ್ರಿ. ಅಕಿ ಬೈದು ಮುಗಿಸೂ ತನಕ ಇಡಬ್ಯಾಡ್ರಿ.